ಐಸಿಯುನಲ್ಲಿರುವವರಿಗೆ ಜೊಲ್ಲಿನ ಕಾರ್ಟಿಸೋಲ್ ಪರೀಕ್ಷೆ ಮಾಡಿಸಬೇಕಾ?

ಓದುಗರ ಪ್ರಶ್ನೆ

"ಡಾಕ್ಟರೇ, ನಮ್ಮ ತಂದೆಗೆ 67 ವರ್ಷ. ನ್ಯುಮೋನಿಯಾ ಜೋರಾಗಿ ಸೆಪ್ಸಿಸ್‌ಗೆ (ಸೋಂಕಿಗೆ ದೇಹದ ಪ್ರತಿಕ್ರಿಯೆ ಮಿತಿಮೀರಿ ಅಂಗಗಳು ಕೆಡುವ ಸ್ಥಿತಿ) ತಿರುಗಿದೆ. ಎಂಟು ದಿನದಿಂದ ಐಸಿಯುನಲ್ಲಿದ್ದಾರೆ, ವೆಂಟಿಲೇಟರ್ ಹಾಕಿದ್ದಾರೆ. ಬಿಪಿ ಬೀಳದಂತೆ ನೋಡಿಕೊಳ್ಳಲು ನಾರ್‌ಅಡ್ರಿನಲಿನ್ ಕೊಡುತ್ತಿದ್ದಾರೆ. ಮೂರನೇ ದಿನ ರಕ್ತದಲ್ಲಿ ಕಾರ್ಟಿಸೋಲ್ ನೋಡಿದಾಗ 12 ಮೈಕ್ರೋಗ್ರಾಂ ಬಂತು. ಆಲ್ಬುಮಿನ್ (ರಕ್ತದ ಒಂದು ಪ್ರೋಟೀನ್) 2.1 ಇತ್ತು. ಒಬ್ಬ ಡಾಕ್ಟರು 'ಇಷ್ಟು ಕಾಯಿಲೆ ಇರುವವರಿಗೆ ಇದು ಕಮ್ಮಿ' ಅಂದರು. ಇನ್ನೊಬ್ಬರು 'ಪರವಾಗಿಲ್ಲ' ಅಂದರು. ಅವತ್ತು ಸಂಜೆಯಿಂದಲೇ ಆರು ಗಂಟೆಗೊಮ್ಮೆ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಶುರುವಾಗಿದೆ.

ಜೊಲ್ಲಿನಲ್ಲಿ ಪರೀಕ್ಷೆ ಮಾಡಿದರೆ ಒತ್ತಡದ ಹಾರ್ಮೋನಿನ ನಿಜವಾದ ಮಟ್ಟ ಗೊತ್ತಾಗುತ್ತದೆ ಎಂದು ಓದಿದೆ. ನಾವು ಕೇಳಿ ಮಾಡಿಸಬೇಕಾ? ಅಲ್ಲಿ ಆಗದಿದ್ದರೆ ಹೊರಗಿನ ಲ್ಯಾಬ್‌ಗೆ ನಾವೇ ಕಳಿಸಬಹುದಾ? ಇನ್ನೊಂದು ಅನುಮಾನ. ಒತ್ತಡ ಇದ್ದಾಗ ಈ ಹಾರ್ಮೋನ್ ಜಾಸ್ತಿ ಆಗುತ್ತದೆ ಅಂತಾರೆ. ಹಾಗಿದ್ದರೆ ಮೇಲಿಂದ ಅದನ್ನೇ ಯಾಕೆ ಕೊಡುತ್ತಿದ್ದಾರೆ? ಅಪ್ಪನಿಗೆ ಉಬ್ಬಸ ಇದೆ, ವರ್ಷಗಳಿಂದ ಇನ್ಹೇಲರ್ ಬಳಸುತ್ತಾರೆ. ಮಂಡಿನೋವಿಗೆ ಆಗಾಗ ಯಾವುದೋ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಿದ್ದರು. ಇದನ್ನು ಐಸಿಯುನಲ್ಲಿ ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ."

ಉತ್ತರ

ನಿಮ್ಮ ಪತ್ರದ ಕೊನೆಯ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಇನ್ಹೇಲರ್ ವಿಷಯ, ಮಂಡಿಯ ಇಂಜೆಕ್ಷನ್ ವಿಷಯ ಇವತ್ತೇ ಹೋಗಿ ಐಸಿಯು ಡಾಕ್ಟರಿಗೆ ಹೇಳಿ. ಇನ್ಹೇಲರ್, ಹಳೆಯ ಔಷಧಿ ಚೀಟಿ, ಇಂಜೆಕ್ಷನ್ ಹಾಕಿದ ಡಾಕ್ಟರ ಫೋನ್ ನಂಬರ್, ಏನು ಸಿಗುತ್ತದೋ ಎಲ್ಲ ತೆಗೆದುಕೊಂಡು ಹೋಗಿ. ನೀವು ಕೇಳಿದ ಜೊಲ್ಲಿನ ಪರೀಕ್ಷೆಗಿಂತ ಈ ಮಾಹಿತಿಗೆ ಬೆಲೆ ಜಾಸ್ತಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈಗ ಜೊಲ್ಲಿನ ಪರೀಕ್ಷೆ ಮಾಡಿಸಬೇಕಾ? ಬೇಡ. ಹೈಡ್ರೋಕಾರ್ಟಿಸೋನ್ ಅಂದರೆ ಕಾರ್ಟಿಸೋಲೇ. ದೇಹದಲ್ಲಿ ತಯಾರಾಗುವುದೂ ಅದೇ ಅಣು, ಇಂಜೆಕ್ಷನ್‌ನಲ್ಲಿ ಬರುವುದೂ ಅದೇ ಅಣು. ಯಾವ ಲ್ಯಾಬಿನ ಯಂತ್ರಕ್ಕೂ ಅವೆರಡನ್ನು ಬೇರೆ ಮಾಡಿ ಹೇಳಲು ಆಗುವುದಿಲ್ಲ. ನಿಮ್ಮ ತಂದೆಗೆ ಐದು ದಿನದಿಂದ ಅದು ಹೋಗುತ್ತಿದೆ. ಈಗ ರಕ್ತ ತೆಗೆದರೂ ಜೊಲ್ಲು ತೆಗೆದರೂ ಬರುವುದು ಇಂಜೆಕ್ಷನ್‌ನ ಅಂಕಿ. ಕಾರ್ಟಿಸೋಲ್ ತಯಾರಿಸುವ ಅವರ ಅಡ್ರಿನಲ್ ಗ್ರಂಥಿ (ಕಿಡ್ನಿಯ ಮೇಲಿರುವುದು) ಏನು ಮಾಡುತ್ತಿದೆ ಅನ್ನುವುದು ಅದರಲ್ಲಿ ಕಾಣುವುದಿಲ್ಲ. ಪರೀಕ್ಷೆಗೋಸ್ಕರ ಔಷಧಿ ನಿಲ್ಲಿಸಿ ಅಂತ ಕೇಳುವುದಂತೂ ಅಪಾಯ.

ಇಷ್ಟಕ್ಕೇ ಉತ್ತರ ಮುಗಿಸಬಹುದಿತ್ತು. ಆದರೆ ನೀವು ಓದಿದ್ದು ಪೂರ್ತಿ ಸುಳ್ಳಲ್ಲ. ಜೊಲ್ಲಿನ ಪರೀಕ್ಷೆಯ ಹಿಂದೆ ಗಟ್ಟಿಯಾದ ಕಾರಣ ಇದೆ. ಆ 12 ಅನ್ನುವ ಅಂಕಿಗೆ ಇಬ್ಬರು ಡಾಕ್ಟರು ಎರಡು ಅರ್ಥ ಹೇಳಿದ್ದಕ್ಕೂ ಅದೇ ಕಾರಣ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಒತ್ತಡ ಅಂದರೆ ಇಲ್ಲಿ ಟೆನ್ಷನ್ ಅಲ್ಲ

ಕಾರ್ಟಿಸೋಲ್ ಅಂದ ತಕ್ಷಣ ಎಲ್ಲರಿಗೂ ನೆನಪಾಗುವುದು ಮನಸ್ಸಿನ ಟೆನ್ಷನ್. ಅಪ್ಪ ಭಯಪಟ್ಟಿದ್ದಾರೆ, ಅದಕ್ಕೇ ಈ ಹಾರ್ಮೋನ್ ಏರಿರಬೇಕು, ಸಮಾಧಾನ ಮಾಡಿದರೆ ಇಳಿಯುತ್ತದೆ ಎಂದು ಮನೆಯವರು ಅಂದುಕೊಳ್ಳುತ್ತಾರೆ. ಐಸಿಯುನಲ್ಲಿ ನಾವು ಮಾತಾಡುವ ಒತ್ತಡ ಬೇರೆ. ಸೋಂಕು, ರಕ್ತಸ್ರಾವ, ದೊಡ್ಡ ಆಪರೇಷನ್, ಸುಟ್ಟ ಗಾಯ, ಇವೆಲ್ಲ ದೇಹದ ಮೇಲಿನ ಒತ್ತಡ. ಪೂರ್ತಿ ನಿದ್ದೆ ಔಷಧಿಯಲ್ಲಿರುವ, ಏನೂ ಅರಿವಿಲ್ಲದ ರೋಗಿಯಲ್ಲೂ ಕಾರ್ಟಿಸೋಲ್ ಎಷ್ಟೋ ಪಟ್ಟು ಏರಿರುತ್ತದೆ. ಅದು ಏರಲೇಬೇಕು. ಏರದಿದ್ದರೆ ತೊಂದರೆ.

ಏಕೆಂದರೆ ಕಾರ್ಟಿಸೋಲ್ ಮಾಡುವ ಕೆಲಸ ದೊಡ್ಡದು. ರಕ್ತನಾಳಗಳು ಅಡ್ರಿನಲಿನ್, ನಾರ್‌ಅಡ್ರಿನಲಿನ್ ಮಾತು ಕೇಳುವಂತೆ ಮಾಡುತ್ತದೆ. ರಕ್ತದಲ್ಲಿ ಸಕ್ಕರೆ ಕಮ್ಮಿಯಾಗದಂತೆ ನೋಡಿಕೊಳ್ಳುತ್ತದೆ. ಸೋಂಕಿನ ವಿರುದ್ಧ ಎದ್ದ ಉರಿಯೂತ ಮಿತಿಮೀರದಂತೆ ಹಿಡಿಯುತ್ತದೆ. ಸೆಪ್ಸಿಸ್‌ನಲ್ಲಿ ಬಿಪಿ ಬಿದ್ದು, ನಾರ್‌ಅಡ್ರಿನಲಿನ್ ಡೋಸ್ ಏರಿಸುತ್ತಾ ಹೋದರೂ ಬಿಪಿ ನಿಲ್ಲದೇ ಇದ್ದಾಗ, ರಕ್ತನಾಳಗಳು ಆ ಔಷಧಿಗೆ ಸ್ಪಂದಿಸಲಿ ಅಂತಲೇ ಹೈಡ್ರೋಕಾರ್ಟಿಸೋನ್ ಕೊಡುವುದು. "ಜಾಸ್ತಿ ಇರುವುದನ್ನೇ ಮತ್ತೆ ಯಾಕೆ ಕೊಡುತ್ತಾರೆ" ಎಂಬ ನಿಮ್ಮ ಅನುಮಾನಕ್ಕೆ ಉತ್ತರ ಇದು. ಮಟ್ಟ ಏರಿರಬಹುದು. ಆದರೆ ಕಾಯಿಲೆಯ ಜೋರಿಗೆ ಅದು ಸಾಲದಿರಬಹುದು, ಅಥವಾ ಜೀವಕೋಶಗಳೇ ಅದಕ್ಕೆ ಸರಿಯಾಗಿ ಸ್ಪಂದಿಸದೇ ಇರಬಹುದು. ಈ ಎರಡನೆಯದನ್ನು ಅಳೆಯುವ ಪರೀಕ್ಷೆ ಐಸಿಯುನಲ್ಲಿ ಇಲ್ಲ. ರಕ್ತದಲ್ಲೂ ಇಲ್ಲ, ಜೊಲ್ಲಿನಲ್ಲೂ ಇಲ್ಲ.

"ಅಡ್ರಿನಲ್ ಸುಸ್ತಾಗಿದೆ, ಹಾರ್ಮೋನ್ ಖಾಲಿಯಾಗಿದೆ" ಎಂಬ ಮಾತೂ ಆಗಾಗ ಕೇಳುತ್ತೇವೆ. ಗ್ರಂಥಿ ಟ್ಯಾಂಕಿನ ಹಾಗೆ ಖಾಲಿಯಾಗುವುದಿಲ್ಲ. ಕಾರ್ಟಿಸೋಲನ್ನು ಅದು ಕೂಡಿಟ್ಟುಕೊಳ್ಳುವುದೇ ಇಲ್ಲ, ಬೇಕಾದಾಗ ಆಗಿಂದಾಗ್ಗೆ ತಯಾರಿಸುತ್ತದೆ. 2013ರಲ್ಲಿ ಬೆಲ್ಜಿಯಂನ ಲ್ಯೂವೆನ್‌ನಲ್ಲಿ ಗ್ರೀಟ್ ವಾನ್ ಡೆನ್ ಬರ್ಗ್ ಅವರ ತಂಡ ಪ್ರಕಟಿಸಿದ ಅಧ್ಯಯನ ಇಲ್ಲಿ ಮುಖ್ಯ. ಐಸಿಯು ರೋಗಿಗಳಲ್ಲಿ ಕಾರ್ಟಿಸೋಲ್ ಏರಲು ಗ್ರಂಥಿ ಜಾಸ್ತಿ ತಯಾರಿಸುವುದೊಂದೇ ಕಾರಣವಲ್ಲ ಎಂದು ಅವರು ತೋರಿಸಿದರು. ಹಗಲಿನಲ್ಲಿ ತಯಾರಿ ಆರೋಗ್ಯವಂತರಿಗಿಂತ ನೂರಕ್ಕೆ 83ರಷ್ಟು ಮಾತ್ರ ಜಾಸ್ತಿ ಇತ್ತು. ಆದರೆ ಲಿವರ್ ಮತ್ತು ಕಿಡ್ನಿ ಅದನ್ನು ಒಡೆದು ಹೊರಹಾಕುವ ವೇಗ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಅಂದರೆ ಬರುವುದು ಸ್ವಲ್ಪ ಹೆಚ್ಚು, ಹೋಗುವುದು ಬಹಳ ಕಮ್ಮಿ. ಗ್ರಂಥಿಗೆ ಆಜ್ಞೆ ಕೊಡುವ ಎಸಿಟಿಎಚ್ ಅನ್ನುವ, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಹಾರ್ಮೋನ್ ಕೂಡ ಇವರಲ್ಲಿ ಕಮ್ಮಿಯೇ ಇತ್ತು. ರಕ್ತದ ಒಂದು ಅಂಕಿ ನೋಡಿ "ಗ್ರಂಥಿ ಇಷ್ಟು ಕೆಲಸ ಮಾಡುತ್ತಿದೆ" ಎಂದು ಹೇಳುವುದು ಎಷ್ಟು ಕಷ್ಟ ನೋಡಿ.

12ಕ್ಕೆ ಎರಡು ಅರ್ಥ ಬಂದದ್ದು ಹೇಗೆ

ರಕ್ತದಲ್ಲಿ ಕಾರ್ಟಿಸೋಲ್ ಒಂಟಿಯಾಗಿ ಓಡಾಡುವುದು ಕಮ್ಮಿ. ಸಾಮಾನ್ಯವಾಗಿ ನೂರಕ್ಕೆ 80ರಷ್ಟು ಸಿಬಿಜಿ ಎಂಬ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. 10ರಿಂದ 15ರಷ್ಟು ಆಲ್ಬುಮಿನ್‌ಗೆ ಅಂಟಿಕೊಂಡಿರುತ್ತದೆ. ಉಳಿದ ಸ್ವಲ್ಪ ಭಾಗ ಮಾತ್ರ ಬಿಡಿಯಾಗಿರುತ್ತದೆ. ಜೀವಕೋಶದ ಒಳಗೆ ಹೋಗಿ ಕೆಲಸ ಮಾಡುವುದು ಈ ಬಿಡಿ ಕಾರ್ಟಿಸೋಲ್. ಆದರೆ ಮಾಮೂಲಿ ರಕ್ತಪರೀಕ್ಷೆ ಅಂಟಿಕೊಂಡದ್ದು, ಬಿಡಿ ಎಲ್ಲ ಸೇರಿಸಿ ಒಟ್ಟು ಹೇಳುತ್ತದೆ.

ಇದನ್ನು ಬಸ್ಸಿನ ಲೆಕ್ಕದಲ್ಲಿ ಯೋಚಿಸಿ. ಪ್ರೋಟೀನ್ ಬಸ್ಸು, ಕಾರ್ಟಿಸೋಲ್ ಪ್ರಯಾಣಿಕ. ಬಸ್ಸಿನಿಂದ ಇಳಿದವನು ಮಾತ್ರ ಕೆಲಸಕ್ಕೆ ಹೋಗುತ್ತಾನೆ. ಅರ್ಧದಷ್ಟು ಬಸ್ಸು ಕಮ್ಮಿಯಾದರೆ ಬಸ್ಸಿನೊಳಗಿರುವವರ ಎಣಿಕೆ ಬೀಳುತ್ತದೆ, ಒಟ್ಟು ಎಣಿಕೆಯೂ ಬೀಳುತ್ತದೆ. ರಸ್ತೆಯಲ್ಲಿ ಕೆಲಸಕ್ಕೆ ಹೋಗುತ್ತಿರುವವರು ಮಾತ್ರ ಮೊದಲಿನಷ್ಟೇ ಇರಬಹುದು, ಜಾಸ್ತಿಯೂ ಇರಬಹುದು.

ಜೋರಾದ ಕಾಯಿಲೆಯಲ್ಲಿ ಆಗುವುದು ಇದೇ. ಸಿಬಿಜಿ, ಆಲ್ಬುಮಿನ್ ಎರಡೂ ಇಳಿಯುತ್ತವೆ. ಸಾಲದ್ದಕ್ಕೆ, ಉರಿಯೂತ ಇರುವ ಕಡೆ ಬಿಳಿ ರಕ್ತಕಣಗಳು ಬಿಡುವ ಒಂದು ಕಿಣ್ವ ಸಿಬಿಜಿಯನ್ನು ಕತ್ತರಿಸಿ ಕಾರ್ಟಿಸೋಲನ್ನು ಅಲ್ಲೇ ಬಿಡಿಸುತ್ತದೆ. ಜ್ವರದ ಬಿಸಿಗೆ ಸಿಬಿಜಿಯ ಹಿಡಿತವೂ ಸಡಿಲವಾಗುತ್ತದೆ. ದೇಹದ ದೃಷ್ಟಿಯಿಂದ ಇದು ಒಳ್ಳೆಯ ಏರ್ಪಾಡು. ಎಲ್ಲಿ ಬೇಕೋ ಅಲ್ಲಿ ಹಾರ್ಮೋನ್ ಇಳಿಯುತ್ತದೆ. ಲ್ಯಾಬ್ ರಿಪೋರ್ಟ್ ಓದುವವರಿಗೆ ಮಾತ್ರ ತಲೆನೋವು.

2004ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನ ವೈದ್ಯರು 66 ಐಸಿಯು ರೋಗಿಗಳಲ್ಲಿ ಇದನ್ನು ನೋಡಿದರು. ಆಲ್ಬುಮಿನ್ 2.5 ಅಥವಾ ಅದಕ್ಕಿಂತ ಕಮ್ಮಿ ಇದ್ದವರಲ್ಲಿ ಒಟ್ಟು ಕಾರ್ಟಿಸೋಲ್ ಕೆಳಗಿತ್ತು. ಬಿಡಿ ಕಾರ್ಟಿಸೋಲ್ ಮಾತ್ರ ಉಳಿದ ರೋಗಿಗಳಷ್ಟೇ ಏರಿತ್ತು. ಪ್ರೋಟೀನ್ ಕಮ್ಮಿಯಿದ್ದವರಲ್ಲಿ ನೂರಕ್ಕೆ ಸುಮಾರು 40 ಜನರ ಒಟ್ಟು ಅಂಕಿ ನೋಡಿದರೆ ಅಡ್ರಿನಲ್ ಕೆಟ್ಟಿದೆ ಅನ್ನಬೇಕಿತ್ತು. ಆದರೆ ಅವರ ಗ್ರಂಥಿ ಚೆನ್ನಾಗಿಯೇ ಇತ್ತು.

ಈಗ ನಿಮ್ಮ ತಂದೆಯ ರಿಪೋರ್ಟ್ ನೋಡಿ. ಕಾರ್ಟಿಸೋಲ್ 12, ಆಲ್ಬುಮಿನ್ 2.1. "ಕಮ್ಮಿ" ಅಂದ ಡಾಕ್ಟರು ಕಾಯಿಲೆಯ ಜೋರಿಗೆ ಹೋಲಿಸಿ ಹೇಳಿದ್ದಾರೆ. "ಪರವಾಗಿಲ್ಲ" ಅಂದವರು ಪ್ರೋಟೀನ್ ಲೆಕ್ಕ ಹಿಡಿದು ಹೇಳಿರಬೇಕು, ಇಲ್ಲವೇ 10ರ ಗೆರೆಗಿಂತ ಮೇಲಿದೆ ಎಂದು ಹೇಳಿರಬೇಕು. 2017ರಲ್ಲಿ ಅಮೆರಿಕ ಮತ್ತು ಯುರೋಪಿನ ತೀವ್ರ ನಿಗಾ ವೈದ್ಯರ ಸಂಘಗಳು ಒಟ್ಟಾಗಿ ಒಂದು ಮಾರ್ಗಸೂಚಿ ಹೊರಡಿಸಿದವು. ಯಾವ ಹೊತ್ತಿನಲ್ಲಿ ತೆಗೆದರೂ ಒಟ್ಟು ಕಾರ್ಟಿಸೋಲ್ 10 ಮೈಕ್ರೋಗ್ರಾಂಗಿಂತ ಕಮ್ಮಿ ಇದ್ದರೆ, ಅಥವಾ 250 ಮೈಕ್ರೋಗ್ರಾಂ ಎಸಿಟಿಎಚ್ ಇಂಜೆಕ್ಷನ್ ಕೊಟ್ಟ ಮೇಲೂ 9 ಮೈಕ್ರೋಗ್ರಾಂನಷ್ಟು ಏರದಿದ್ದರೆ, ಕಾಯಿಲೆಗೆ ತಕ್ಕಷ್ಟು ಸ್ಟಿರಾಯ್ಡ್ (ಕಾರ್ಟಿಸೋಲ್, ಹೈಡ್ರೋಕಾರ್ಟಿಸೋನ್ ಸೇರಿದ ಗುಂಪಿನ ಹೆಸರು) ಇಲ್ಲ ಎಂದು ತಿಳಿಯಬಹುದು ಎಂದು ಅದರಲ್ಲಿದೆ. ಈ ಗೆರೆಗಳನ್ನು ನಾವೆಲ್ಲ ಬಳಸುತ್ತೇವೆ, ಆದರೆ ಕಲ್ಲಿನ ಮೇಲೆ ಕೆತ್ತಿದ ಗೆರೆ ಎಂದು ಯಾರೂ ನಂಬುವುದಿಲ್ಲ. ಇಬ್ಬರು ಡಾಕ್ಟರೂ ತಪ್ಪು ಹೇಳಿಲ್ಲ. ಅಂಕಿಯೇ ಗಡಿಯ ಮೇಲೆ ಕೂತಿದೆ.

(ನೀವೇ ರಿಪೋರ್ಟ್ ಓದುತ್ತೀರಾದ್ದರಿಂದ ಒಂದು ಎಚ್ಚರಿಕೆ. ಕೆಲವು ಲ್ಯಾಬ್‌ಗಳು ಕಾರ್ಟಿಸೋಲನ್ನು ನ್ಯಾನೋಮೋಲ್‌ನಲ್ಲಿ ಕೊಡುತ್ತವೆ. ಮೈಕ್ರೋಗ್ರಾಂ ಅಂಕಿಯನ್ನು 27.6ರಿಂದ ಗುಣಿಸಿದರೆ ಅದು ಬರುತ್ತದೆ. ನಿಮ್ಮ 12 ಅಲ್ಲಿ 331 ಆಗುತ್ತದೆ. ಅದು ನೋಡಿ ಗಾಬರಿ ಬೇಡ.)

ಹಾಗಾದರೆ ಜೊಲ್ಲು ಯಾಕೆ?

ಈಗ ಅರ್ಥವಾಗಿರಬೇಕು ಅಲ್ವಾ? ಜೊಲ್ಲಿಗೆ ದಾಟುವುದು ಬಿಡಿ ಕಾರ್ಟಿಸೋಲ್ ಮಾತ್ರ. ಅದು ಕೊಬ್ಬಿನಲ್ಲಿ ಕರಗುವ ಸಣ್ಣ ಅಣು. ಜೊಲ್ಲುಗ್ರಂಥಿಯ ಜೀವಕೋಶಗಳ ಮೂಲಕ ತಾನಾಗಿಯೇ ನುಸುಳುತ್ತದೆ. ಪ್ರೋಟೀನಿಗೆ ಅಂಟಿಕೊಂಡದ್ದು ಹಿಂದೆಯೇ ಉಳಿಯುತ್ತದೆ. ಜೊಲ್ಲು ಜಾಸ್ತಿ ಬರಲಿ, ಕಮ್ಮಿ ಬರಲಿ, ಅದರಲ್ಲಿನ ಕಾರ್ಟಿಸೋಲ್ ಸಾಂದ್ರತೆ ಅಷ್ಟಾಗಿ ಬದಲಾಗುವುದಿಲ್ಲ. ಸೂಜಿ ಚುಚ್ಚುವ ಹಾಗಿಲ್ಲ, ಸ್ಯಾಂಪಲ್ ಬೇಗ ಕೆಡುವುದೂ ಇಲ್ಲ. ರಕ್ತದ ಬಿಡಿ ಕಾರ್ಟಿಸೋಲನ್ನು ನೇರವಾಗಿ ಅಳೆಯಲು ಸಮಯವೂ ಬೇಕು, ವಿಶೇಷ ಲ್ಯಾಬೂ ಬೇಕು. ಅದರ ಬದಲು ಜೊಲ್ಲು ನೋಡಿದರಾಯಿತು ಅನ್ನುವ ಯೋಚನೆ ಸಹಜ. 2007ರಲ್ಲಿ ಕ್ಲೀವ್‌ಲ್ಯಾಂಡ್‌ನಿಂದಲೇ ಬಂದ ಇನ್ನೊಂದು ಅಧ್ಯಯನದಲ್ಲಿ ಐಸಿಯು ರೋಗಿಗಳ ಜೊಲ್ಲಿನ ಕಾರ್ಟಿಸೋಲ್ ರಕ್ತದ ಬಿಡಿ ಕಾರ್ಟಿಸೋಲ್ ಜೊತೆಗೇ ಏರಿಳಿಯುವುದು ಕಂಡಿತು.

ನೀವು ಓದಿದ "ನಿಜವಾದ ಮಟ್ಟ" ಅನ್ನುವುದರ ಮೂಲ ಇದು. ತತ್ವ ಸರಿ. ಕಷ್ಟ ಶುರುವಾಗುವುದು ರೋಗಿಯ ಬಾಯಿಗೆ ಬಂದಾಗ.

ವೆಂಟಿಲೇಟರ್ ಮೇಲಿರುವವರ ಬಾಯಿ ನೋಡಿದ್ದೀರಲ್ಲ. ಟ್ಯೂಬ್ ಇರುವುದರಿಂದ ಬಾಯಿ ಸದಾ ತೆರೆದಿರುತ್ತದೆ, ಒಣಗಿರುತ್ತದೆ. ಕೊಡುವ ಔಷಧಿಗಳಲ್ಲೂ ಕೆಲವು ಬಾಯಿ ಒಣಗಿಸುತ್ತವೆ. ಪರೀಕ್ಷೆಗೆ ಬೇಕಾದಷ್ಟು ಜೊಲ್ಲು ಸಿಗುವುದೇ ಕಷ್ಟ. ಸೆಪ್ಸಿಸ್ ಜೋರಾಗಿರುವವರಲ್ಲಿ, ಅಂದರೆ ಯಾರಿಗೆ ಈ ಪರೀಕ್ಷೆ ಬೇಕು ಅನ್ನಿಸುತ್ತದೋ ಅವರಲ್ಲೇ, ಜೊಲ್ಲು ಎಲ್ಲರಿಗಿಂತ ಕಮ್ಮಿ. ಹತ್ತಿಯ ತುಂಡನ್ನು ಕೆನ್ನೆಯ ಒಳಗೆ ಇಟ್ಟು ಕಾಯಬೇಕು. ನಿದ್ದೆ ಔಷಧಿಯಲ್ಲಿರುವವರಿಗೆ ಅದು ಜಾರಿ ಗಂಟಲಿಗೆ ಇಳಿಯದಂತೆ ಒಬ್ಬರು ಹಿಡಿದೇ ನಿಲ್ಲಬೇಕು. ಜೊಲ್ಲು ಬರಲಿ ಎಂದು ಹುಳಿ ಪದಾರ್ಥ ಮುಟ್ಟಿಸಿದರೆ ಅದರ ಆಮ್ಲವೇ ಪರೀಕ್ಷೆಯನ್ನು ಹಾಳುಮಾಡಬಹುದು.

ಸಿಕ್ಕಿದ ಜೊಲ್ಲಾದರೂ ಶುದ್ಧವೇ? ಒಸಡಿನಿಂದ, ತುಟಿಯ ಬಿರುಕಿನಿಂದ ರಕ್ತ ಬೆರೆತಿರುತ್ತದೆ. ರಕ್ತದ ಒಟ್ಟು ಕಾರ್ಟಿಸೋಲ್‌ಗೆ ಹೋಲಿಸಿದರೆ ಜೊಲ್ಲಿನಲ್ಲಿರುವುದು ನೂರರಲ್ಲಿ ಕೆಲವೇ ಪಾಲು. ಹಾಗಾಗಿ ಕಣ್ಣಿಗೆ ಕಾಣುವಷ್ಟು ರಕ್ತ ಬೆರೆತ ಸ್ಯಾಂಪಲನ್ನು ನಾನಂತೂ ನಂಬುವುದಿಲ್ಲ. ಬಾಯಲ್ಲಿ ಫಂಗಸ್ ಇರಬಹುದು. ನರ್ಸ್ ಈಗಷ್ಟೇ ಬಾಯಿ ತೊಳೆದಿರಬಹುದು. ಸ್ಟಿರಾಯ್ಡ್ ಇರುವ ನೆಬ್ಯುಲೈಸರ್ ಕೊಟ್ಟಿದ್ದರೆ, ಅದು ಬಾಯಲ್ಲಿ ಉಳಿದು ಕೆಲವು ಬಗೆಯ ಪರೀಕ್ಷೆಗಳಲ್ಲಿ ಅಂಕಿಯನ್ನು ಕೆಡಿಸಬಹುದು. ಕೈಗೆ ಹೈಡ್ರೋಕಾರ್ಟಿಸೋನ್ ಮುಲಾಮು ಹಚ್ಚಿಕೊಂಡವರು ಸ್ಯಾಂಪಲ್ ಮುಟ್ಟಿದರೂ ಸಾಕು, ಅಂಕಿ ಆಕಾಶಕ್ಕೆ ಏರುತ್ತದೆ.

ಇನ್ನೊಂದು ಒಳಗಿನ ತೊಡಕಿದೆ. ಜೊಲ್ಲುಗ್ರಂಥಿಯಲ್ಲಿ ಒಂದು ಕಿಣ್ವ ಇದೆ. ಕಾರ್ಟಿಸೋಲ್ ಆ ಗ್ರಂಥಿಯ ಮೂಲಕ ಹಾದುಹೋಗುವಾಗ ಬಹುಪಾಲು ಕಾರ್ಟಿಸೋನ್ ಎಂಬ ನಿಷ್ಕ್ರಿಯ ರೂಪಕ್ಕೆ ಬದಲಾಗುತ್ತದೆ. ಜೊಲ್ಲಿನಲ್ಲಿ ಕಾರ್ಟಿಸೋಲ್‌ಗಿಂತ ಕಾರ್ಟಿಸೋನೇ ಜಾಸ್ತಿ. ಅದಕ್ಕೇ ಈಚೆಗೆ ಹಲವರು ಎರಡನ್ನೂ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ (ಅಣುಗಳನ್ನು ತೂಕದಿಂದ ಗುರುತಿಸುವ ಯಂತ್ರ) ಬೇರೆಬೇರೆಯಾಗಿ ಅಳೆಯುವುದು ಒಳ್ಳೆಯದು ಎನ್ನುತ್ತಾರೆ. ಮಾಮೂಲಿ ಕಿಟ್‌ಗಳು ಒಂದನ್ನು ಇನ್ನೊಂದೆಂದು ಸ್ವಲ್ಪ ಮಟ್ಟಿಗೆ ತಪ್ಪಾಗಿ ಎಣಿಸುತ್ತವೆ. ಹೀಗಾಗಿ ಒಂದು ಲ್ಯಾಬಿನ ಅಂಕಿಯನ್ನು ಇನ್ನೊಂದು ಲ್ಯಾಬಿನ ಅಂಕಿಯ ಪಕ್ಕ ಇಟ್ಟು ಹೋಲಿಸುವ ಹಾಗಿಲ್ಲ.

ಹೊರಗಿನ ಲ್ಯಾಬ್ ವಿಷಯಕ್ಕೆ ಬರೋಣ. ಆ ರಿಪೋರ್ಟಿನ ಪಕ್ಕದಲ್ಲಿ "ನಾರ್ಮಲ್" ಎಂದು ಅಚ್ಚಾಗಿರುವ ಮಿತಿ ಎಲ್ಲಿಂದ ಬಂದದ್ದು? ಆರೋಗ್ಯವಂತರಿಂದ. ಅವರಲ್ಲಿ ಕಾರ್ಟಿಸೋಲ್ ಬೆಳಿಗ್ಗೆ ಎದ್ದ ಅರ್ಧ ಮುಕ್ಕಾಲು ಗಂಟೆಯಲ್ಲಿ ತುತ್ತತುದಿಗೆ ಹೋಗಿ, ಮಧ್ಯರಾತ್ರಿಗೆ ತಳಕ್ಕೆ ಇಳಿಯುತ್ತದೆ. ಐಸಿಯು ರೋಗಿಯಲ್ಲಿ ಈ ಏರಿಳಿತ ಬಹುಮಟ್ಟಿಗೆ ಅಳಿಸಿಹೋಗಿರುತ್ತದೆ. ರಾತ್ರಿಯೆಲ್ಲ ದೀಪ, ಸದ್ದು, ನಿದ್ದೆ ಔಷಧಿ, ಎಲ್ಲಕ್ಕಿಂತ ಹೆಚ್ಚಾಗಿ ಕಾಯಿಲೆ. ಅವರ ಅಂಕಿಯನ್ನು ಆ ಮಿತಿಗೆ ಹೋಲಿಸಿದರೆ ಬರುವುದು ಸುಮ್ನೆ ಗಾಬರಿ. ತೀವ್ರ ಕಾಯಿಲೆಯವರಿಗೆಂದೇ ಎಲ್ಲರೂ ಒಪ್ಪಿದ ಜೊಲ್ಲಿನ ಮಿತಿ ಇಲ್ಲ. ಆಮೇಲೆ, ರಿಪೋರ್ಟ್ ಬರುವ ಹೊತ್ತಿಗೆ ಐಸಿಯುನಲ್ಲಿ ಪರಿಸ್ಥಿತಿ ಬೇರೆಯೇ ಆಗಿರುತ್ತದೆ. ನಾನು ಮೇಲೆ ಹೇಳಿದ 2017ರ ಮಾರ್ಗಸೂಚಿಯೂ ರಕ್ತದ ಒಟ್ಟು ಕಾರ್ಟಿಸೋಲ್ ಬಿಟ್ಟು ಜೊಲ್ಲನ್ನಾಗಲೀ, ರಕ್ತದ ಬಿಡಿ ಕಾರ್ಟಿಸೋಲನ್ನಾಗಲೀ ನೋಡುವುದು ಬೇಡ ಎಂದೇ ಸಲಹೆ ಕೊಟ್ಟಿದೆ. ಪುರಾವೆ ತೀರಾ ದುರ್ಬಲ ಎಂಬುದನ್ನೂ ಅವರೇ ಒಪ್ಪಿಕೊಂಡಿದ್ದಾರೆ. ಅಂದರೆ ಜೊಲ್ಲಿನ ಪರೀಕ್ಷೆ ಸುಳ್ಳು ಎಂದಲ್ಲ, ಅದನ್ನು ನೆಚ್ಚಿ ಔಷಧಿ ಕೊಡುವ, ನಿಲ್ಲಿಸುವ ಮಟ್ಟಕ್ಕೆ ಅದು ಬಂದಿಲ್ಲ.

ಅದು ನಿಜವಾಗಿ ಕೆಲಸಕ್ಕೆ ಬರುವುದು ಬೇರೆ ಕಡೆ. ಕುಶಿಂಗ್ ಕಾಯಿಲೆಯ (ದೇಹದಲ್ಲಿ ಕಾರ್ಟಿಸೋಲ್ ಅತಿಯಾಗುವ ಕಾಯಿಲೆ) ಅನುಮಾನ ಇರುವವರಿಗೆ ರಾತ್ರಿ ಮಲಗುವ ಹೊತ್ತಿನ ಜೊಲ್ಲನ್ನು ಎರಡು ಸಲವಾದರೂ ನೋಡುತ್ತೇವೆ. ಮನೆಯಲ್ಲೇ ತೆಗೆದು ತರಬಹುದು. ಓಡಾಡಿಕೊಂಡಿರುವವರಿಗೆ ಚೆನ್ನಾಗಿ ಒದಗುವ ಪರೀಕ್ಷೆ ಅದು.

ಅಂಕಿ ಇಲ್ಲದೆ ಸ್ಟಿರಾಯ್ಡ್ ಕೊಡಬಹುದಾ?

ಕೊಡಬಹುದು, ಕೊಡುತ್ತೇವೆ. ಇದು ಮನೆಯವರಿಗೆ ವಿಚಿತ್ರ ಅನ್ನಿಸುತ್ತದೆ. ಮೊದಲು ನಾವೂ ಅಂಕಿ ನೋಡಿ ಕೊಡುವುದೇ ಸರಿ ಎಂದುಕೊಂಡಿದ್ದೆವು. 2002ರಲ್ಲಿ ಫ್ರಾನ್ಸ್‌ನಲ್ಲಿ ನಡೆದ 300 ಜನರ ಅಧ್ಯಯನದಲ್ಲಿ ಎಸಿಟಿಎಚ್ ಇಂಜೆಕ್ಷನ್‌ಗೆ ಸ್ಪಂದಿಸದವರಿಗೆ ಸ್ಟಿರಾಯ್ಡ್‌ನಿಂದ ಲಾಭ ಕಂಡಿತ್ತು. 2008ರಲ್ಲಿ ಬಂದ ಕಾರ್ಟಿಕಸ್ ಅಧ್ಯಯನದಲ್ಲಿ 499 ಜನರಿದ್ದರು. ಅದರಲ್ಲಿ ಸ್ಪಂದಿಸಿದವರು, ಸ್ಪಂದಿಸದವರು ಅನ್ನುವ ಭೇದದಿಂದ ಉಳಿವಿನಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಸ್ಟಿರಾಯ್ಡ್ ಪಡೆದವರಲ್ಲಿ ಶಾಕ್ (ಸೋಂಕಿನಿಂದ ಬಿಪಿ ತೀರಾ ಬೀಳುವ ಸ್ಥಿತಿ) ಮಾತ್ರ ಬೇಗ ಇಳಿಯಿತು.

2018ರಲ್ಲಿ ಎರಡು ದೊಡ್ಡ ಅಧ್ಯಯನಗಳು ಬಂದವು. ಅಡ್ರಿನಲ್ ಎಂಬ ಹೆಸರಿನ ಅಧ್ಯಯನದಲ್ಲಿ 3800 ಜನ. 90 ದಿನದ ಹೊತ್ತಿಗೆ ಸಾವು ಹೈಡ್ರೋಕಾರ್ಟಿಸೋನ್ ಪಡೆದವರಲ್ಲಿ ನೂರಕ್ಕೆ 27.9, ಪಡೆಯದವರಲ್ಲಿ 28.8. ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಆದರೆ ಶಾಕ್‌ನಿಂದ ಹೊರಬರಲು ನಾಲ್ಕು ದಿನದ ಬದಲು ಮೂರು ದಿನ ಸಾಕಾಯಿತು. ಇನ್ನೊಂದು ಫ್ರಾನ್ಸ್‌ನದು, 1241 ಜನ. ಅಲ್ಲಿ ಹೈಡ್ರೋಕಾರ್ಟಿಸೋನ್ ಜೊತೆ ಫ್ಲುಡ್ರೋಕಾರ್ಟಿಸೋನ್ ಎಂಬ ಇನ್ನೊಂದು ಸ್ಟಿರಾಯ್ಡ್ ಕೂಡ ಕೊಟ್ಟರು. ಸಾವು ನೂರಕ್ಕೆ 49.1ರಿಂದ 43ಕ್ಕೆ ಇಳಿಯಿತು. ಎರಡು ಅಧ್ಯಯನಗಳ ಫಲಿತಾಂಶ ಬೇರೆ ಬಂದದ್ದು ಯಾಕೆ ಎಂದು ಈಗಲೂ ಚರ್ಚೆ ನಡೆಯುತ್ತದೆ. ಶಾಕ್ ಬೇಗ ಇಳಿಯುತ್ತದೆ ಅನ್ನುವುದರಲ್ಲಿ ಮಾತ್ರ ಎರಡೂ ಒಂದೇ ಮಾತು.

ಹಾಗಾಗಿ ಸೆಪ್ಸಿಸ್ ಚಿಕಿತ್ಸೆಯ 2021ರ ಅಂತಾರಾಷ್ಟ್ರೀಯ ಮಾರ್ಗಸೂಚಿ ನೇರವಾಗಿದೆ. ನಾರ್‌ಅಡ್ರಿನಲಿನ್ ಅಗತ್ಯ ಮುಂದುವರಿದರೆ ದಿನಕ್ಕೆ 200 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಕೊಡಬಹುದು. ಸಾಮಾನ್ಯವಾಗಿ ಆರು ಗಂಟೆಗೊಮ್ಮೆ 50 ಮಿಲಿಗ್ರಾಂ. ನಿಮ್ಮ ತಂದೆಗೆ ಆಗುತ್ತಿರುವುದು ಇದೇ ಇರಬೇಕು. ಇದಕ್ಕೆ ಕಾರ್ಟಿಸೋಲ್ ಅಂಕಿ ಬೇಕಾಗಿಲ್ಲ. ಬಿಪಿ ಹೇಗಿದೆ, ನಾರ್‌ಅಡ್ರಿನಲಿನ್ ಡೋಸ್ ಏರುತ್ತಿದೆಯಾ ಇಳಿಯುತ್ತಿದೆಯಾ, ಇದನ್ನು ನೋಡಿಯೇ ನಿರ್ಧಾರ.

ಅಪಾಯ ಇಲ್ಲವೆಂದಲ್ಲ. ಆರೋಗ್ಯವಂತರ ದೇಹ ದಿನಕ್ಕೆ ತಯಾರಿಸುವ ಕಾರ್ಟಿಸೋಲ್ 10 ಮಿಲಿಗ್ರಾಂ ಆಸುಪಾಸು. 200 ಅನ್ನುವುದು ಅದರ ಎಷ್ಟೋ ಪಟ್ಟು. ಮೇಲಾಗಿ ಈಗ ದೇಹ ಅದನ್ನು ಹೊರಹಾಕುವುದೂ ನಿಧಾನ. ಶುಗರ್ ಏರುತ್ತದೆ, ಇನ್ಸುಲಿನ್ ಬೇಕಾಗಬಹುದು. ಸೋಡಿಯಂ ಏರಬಹುದು. ಸ್ನಾಯುಗಳ ಬಲ ಕುಂದಬಹುದು. ತುಂಬಾ ದಿನ ಕೊಟ್ಟರೆ ಹೊಸ ಸೋಂಕಿನ ಭಯ. ಅದಕ್ಕೇ ಶಾಕ್ ಇಳಿದ ಮೇಲೆ ಅದನ್ನು ಎಳೆಯುತ್ತಾ ಹೋಗುವುದಿಲ್ಲ. ಕೆಲವರಲ್ಲಿ ನಿಲ್ಲಿಸಿದ ಮೇಲೆ ಬಿಪಿ ಮತ್ತೆ ಬೀಳುತ್ತದೆ. ಆಗ ಮತ್ತೆ ಶುರು ಮಾಡುತ್ತೇವೆ.

ಇನ್ಹೇಲರ್ ಮಾತು ಮುಖ್ಯವಾಗುವುದು ಇಲ್ಲಿ. ಉಬ್ಬಸದ ಬಹಳಷ್ಟು ಇನ್ಹೇಲರ್‌ಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ಮಾಮೂಲಿ ಡೋಸ್‌ನಲ್ಲಿ ತೊಂದರೆ ಕಮ್ಮಿ. ಹೆಚ್ಚಿನ ಡೋಸ್‌ನಲ್ಲಿ ವರ್ಷಗಟ್ಟಲೆ ಹೋದರೆ ಅಡ್ರಿನಲ್ ಗ್ರಂಥಿ ಮಂಕಾಗಬಹುದು. ಮಂಡಿಗೆ ಹಾಕುವ ಇಂಜೆಕ್ಷನ್ ಹಲವು ಸಲ ಸ್ಟಿರಾಯ್ಡೇ ಆಗಿರುತ್ತದೆ. ಒಂದೊಂದು ಇಂಜೆಕ್ಷನ್ ವಾರಗಟ್ಟಲೆ ಗ್ರಂಥಿಯನ್ನು ಮಲಗಿಸಬಲ್ಲದು. ಎರಡೂ ಸೇರಿದ್ದರೆ ನಿಮ್ಮ ತಂದೆಯ ಗ್ರಂಥಿ ಕಾಯಿಲೆಗೆ ಮುಂಚೆಯೇ ಮಂಕಾಗಿದ್ದಿರಬಹುದು. ಆಗ 12 ಅನ್ನುವ ಅಂಕಿಯ ಅರ್ಥ ಬದಲಾಗುತ್ತದೆ. ಹೈಡ್ರೋಕಾರ್ಟಿಸೋನ್ ನಿಲ್ಲಿಸುವ ರೀತಿಯೂ ಬದಲಾಗುತ್ತದೆ. ಬಿಪಿ ಸರಿಹೋಯಿತು ಎಂದು ಒಮ್ಮೆಲೇ ನಿಲ್ಲಿಸುವ ಬದಲು, ನಿಧಾನವಾಗಿ ಇಳಿಸಿ ಸಣ್ಣ ಡೋಸ್‌ನಲ್ಲಿ ಮುಂದುವರಿಸಬೇಕಾಗುತ್ತದೆ. ಇದನ್ನು ಯಾವ ಜೊಲ್ಲಿನ ಪರೀಕ್ಷೆಯೂ ಹೇಳಲಾರದು, ನೀವು ಹೇಳಬಲ್ಲಿರಿ. ಕೀಲುನೋವಿಗೆ ಎಂದು ಹೆಸರಿಲ್ಲದ ಪುಡಿಯೋ ಮಾತ್ರೆಯೋ ತೆಗೆದುಕೊಂಡಿದ್ದರೆ ಅದನ್ನೂ ಮುಚ್ಚಿಡಬೇಡಿ. ಅಂಥವುಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದನ್ನು ನನ್ನ ಕೆಲಸದಲ್ಲಿ ಮತ್ತೆಮತ್ತೆ ನೋಡಿದ್ದೇನೆ.

ಜೊತೆಗೆ ನೀವು ಡಾಕ್ಟರನ್ನು ಕೇಳಬಹುದಾದ ಕೆಲವು ಮಾತುಗಳಿವೆ. ಟ್ಯೂಬ್ ಹಾಕುವಾಗ ಎಟೋಮಿಡೇಟ್ ಎಂಬ ಮಂಪರಿನ ಔಷಧಿ ಕೊಟ್ಟಿದ್ದರಾ? ಅದರ ಒಂದೇ ಡೋಸ್ ಒಂದು ದಿನವಾದರೂ ಕಾರ್ಟಿಸೋಲ್ ತಯಾರಿಗೆ ಅಡ್ಡ ಬರುತ್ತದೆ. ಕೀಟೋಕೊನಜೋಲ್‌ನಂಥ ಫಂಗಸ್ ಔಷಧಿ, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ದೀರ್ಘಕಾಲ ಕೊಟ್ಟ ಮಾರ್ಫಿನ್ ಜಾತಿಯ ನೋವಿನ ಔಷಧಿ, ಇವೂ ಲೆಕ್ಕಕ್ಕೆ ಬರುತ್ತವೆ. ಸೋಡಿಯಂ ಕಮ್ಮಿ, ಪೊಟ್ಯಾಸಿಯಂ ಜಾಸ್ತಿ, ಶುಗರ್ ಕಮ್ಮಿ, ಇಂಥವು ಮೊದಲ ದಿನಗಳ ರಿಪೋರ್ಟಿನಲ್ಲಿ ಇದ್ದವಾ? ರಕ್ತ ತೆಳುವಾಗಿಸುವ ಔಷಧಿ ಕೊಡುವಾಗ ಹೊಟ್ಟೆ, ಬೆನ್ನು ನೋವು ಬಂದು ಬಿಪಿ ದಿಢೀರ್ ಬಿದ್ದಿತ್ತಾ? ಅಪರೂಪಕ್ಕೆ ಅಡ್ರಿನಲ್ ಗ್ರಂಥಿಯೊಳಗೇ ರಕ್ತಸ್ರಾವ ಆಗುವುದುಂಟು, ಸ್ಕ್ಯಾನ್‌ನಲ್ಲಿ ಕಾಣುತ್ತದೆ. ಇವೆಲ್ಲ ಅವರು ಯೋಚಿಸಿಯೇ ಇರುತ್ತಾರೆ. ನೀವು ಕೇಳಿದರೆ ಬೇಜಾರು ಮಾಡಿಕೊಳ್ಳಬಾರದು.

ಹೊರಬಂದ ಮೇಲೆ

ನಿಮ್ಮ ತಂದೆ ಚೇತರಿಸಿಕೊಂಡು ವಾರ್ಡಿಗೆ ಬಂದಾಗ ಗ್ರಂಥಿಯ ಪರೀಕ್ಷೆಗೆ ಸರಿಯಾದ ಸಮಯ ಬರುತ್ತದೆ. ಆಗ ಪ್ರೋಟೀನ್ ಏರತೊಡಗಿರುತ್ತದೆ, ಬೆಳಗು ರಾತ್ರಿಯ ಏರಿಳಿತ ಮರಳುತ್ತಿರುತ್ತದೆ. ಮಾಮೂಲಿ ರಕ್ತಪರೀಕ್ಷೆಯೇ ಸಾಕು. ಹೈಡ್ರೋಕಾರ್ಟಿಸೋನ್ ಕೊನೆಯ ಡೋಸ್ ಆಗಿ ಒಂದು ದಿನ ಕಳೆದ ಮೇಲೆ, ಬೆಳಿಗ್ಗೆ ಎಂಟರ ಸುಮಾರಿಗೆ ಕಾರ್ಟಿಸೋಲ್ ತೆಗೆಯುತ್ತಾರೆ. ಈ ಒಂದು ದಿನದ ಅಂತರವನ್ನು ಡಾಕ್ಟರೇ ಹೇಳಿ ಮಾಡಿಸಬೇಕು, ನೀವಾಗಿಯೇ ಡೋಸ್ ತಪ್ಪಿಸಬೇಡಿ. ಸ್ಟಿರಾಯ್ಡ್‌ನಿಂದ ಮಂಕಾದ ಗ್ರಂಥಿಯ ಬಗ್ಗೆ 2024ರಲ್ಲಿ ಬಂದ ಮಾರ್ಗಸೂಚಿಯ ಪ್ರಕಾರ ಬೆಳಗಿನ ಅಂಕಿ 10 ಮೈಕ್ರೋಗ್ರಾಂಗಿಂತ ಮೇಲಿದ್ದರೆ ಗ್ರಂಥಿ ಎಚ್ಚೆತ್ತಿದೆ ಎಂದು ತಿಳಿಯಬಹುದು. 5ಕ್ಕಿಂತ ಕೆಳಗಿದ್ದರೆ ಸಣ್ಣ ಡೋಸ್ ಮುಂದುವರಿಸಿ ಕೆಲವು ತಿಂಗಳ ನಂತರ ಮತ್ತೆ ನೋಡುತ್ತೇವೆ. ನಡುವೆ ಬಂದರೆ ಸಾಮಾನ್ಯವಾಗಿ ಡೋಸ್ ಹಾಗೇ ಇಟ್ಟು ಕೆಲವು ವಾರ ಬಿಟ್ಟು ಮತ್ತೆ ತೆಗೆಯುತ್ತೇವೆ. ಅನುಮಾನ ಉಳಿದರೆ ಎಸಿಟಿಎಚ್ ಇಂಜೆಕ್ಷನ್ ಕೊಟ್ಟು ನೋಡುವುದೂ ಉಂಟು.

ಮನೆಗೆ ಹೋದ ಮೇಲೆ ಸುಸ್ತು, ವಾಕರಿಕೆ, ಎದ್ದು ನಿಂತಾಗ ತಲೆ ಸುತ್ತು, ಹಸಿವಿಲ್ಲದೆ ತೂಕ ಇಳಿಯುವುದು ಕಂಡರೆ ಪರೀಕ್ಷೆಯ ತಾರೀಕಿಗೆ ಕಾಯಬೇಡಿ. ಐಸಿಯುನಿಂದ ಬಂದವರಿಗೆ ಸುಸ್ತು ಇದ್ದೇ ಇರುತ್ತದೆ ಎಂದು ಎಲ್ಲರೂ ತಳ್ಳಿಹಾಕಿಬಿಡುತ್ತಾರೆ. ಆಗ ನೀವು "ಇವರಿಗೆ ಸ್ಟಿರಾಯ್ಡ್ ಕೊಟ್ಟಿದ್ದರು, ಮುಂಚೆಯೂ ಇನ್ಹೇಲರ್ ಇತ್ತು" ಎಂದು ಬಾಯಿಬಿಟ್ಟು ಹೇಳಿ. ಡಿಸ್ಚಾರ್ಜ್ ಚೀಟಿಯಲ್ಲಿ ಹೈಡ್ರೋಕಾರ್ಟಿಸೋನ್ ಯಾವತ್ತು ಶುರುವಾಯಿತು, ಯಾವತ್ತು ನಿಂತಿತು ಎಂಬುದನ್ನು ಬರೆಸಿಕೊಳ್ಳಿ. ಸ್ಟಿರಾಯ್ಡ್ ಹೆಸರು ಕೇಳಿ ಹೆದರಿ ಇನ್ಹೇಲರನ್ನು ನೀವಾಗಿಯೇ ನಿಲ್ಲಿಸುವುದು ಬೇಡ. ಉಬ್ಬಸವೂ ಕೆರಳುತ್ತದೆ, ಮಂಕಾದ ಗ್ರಂಥಿಗೆ ಇದ್ದ ಅಷ್ಟಿಷ್ಟು ಆಸರೆಯೂ ಹೋಗುತ್ತದೆ.